ವಿಜ್ಞಾನ ಲೇಖಕಿ ಜೊತೆ ಒಂದು ಗಂಟೆ: ಒಂದು ಬುಕ್ ಕ್ಲಬ್ಬು ತಯಾರಾದ ಬಗೆ

ಇದು ಒಂದು ಆನ್‌ಲೈನ್ ಬುಕ್ ಕ್ಲಬ್ಬಿನ ಪ್ರಕರಣ. ಕ್ಲಬ್ ಯಾವುದು, ಪುಸ್ತಕ ಯಾವುದು, ಲೇಖಕಿ ಯಾರು ಅನ್ನೋದನ್ನ ಬೇಕಂತಲೇ ಹೇಳ್ತಿಲ್ಲ, ಸದಸ್ಯರ ವಿವರಗಳನ್ನೂ ಗುರುತು ಸಿಗದ ಹಾಗೆ ಸ್ವಲ್ಪ ಆಚೀಚೆ ಮಾಡಿದೀನಿ. ಆದ್ರೆ ವಿಜ್ಞಾನದ ವಿಷಯ, ಯಾವಾಗ ಯಾಕೆ ಯಾವ ತೀರ್ಮಾನ ಆಯ್ತು ಅನ್ನೋದು ಇದ್ದ ಹಾಗೇ ಇದೆ. ಲೇಖಕರನ್ನ ಕರೆಸಿ ಮಾತಾಡಿಸಬೇಕು ಅಂತಿರೋ ಬೇರೆ ಗುಂಪುಗಳಿಗೆ ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ.

ತಿಂಗಳಿಗೊಂದು ಪುಸ್ತಕ ಓದಿ ವಿಡಿಯೋ ಕಾಲ್‌ನಲ್ಲಿ ಸೇರೋ ಗುಂಪು ನಮ್ಮದು. ಓದಿದ್ದೆಲ್ಲ ಹೆಚ್ಚುಕಮ್ಮಿ ಕಾದಂಬರಿ, ಆತ್ಮಕತೆ. ವಿಜ್ಞಾನದ ಪುಸ್ತಕ ತಗೊಂಡಿದ್ದು ಅದೇ ಮೊದಲು. ನಮ್ಮ ಮೈಯೊಳಗಿರೋ ಸೂಕ್ಷ್ಮಜೀವಿಗಳ ಲೋಕದ ಬಗ್ಗೆ, ಅಂದ್ರೆ ಮೈಕ್ರೋಬಯೋಮ್ ಬಗ್ಗೆ, ಎಲ್ರಿಗೂ ಅರ್ಥ ಆಗೋ ಹಾಗೆ ಬರೆದ ಪುಸ್ತಕ, 2016ಕ್ಕಿಂತ ಮುಂಚೆ ಬಂದಿದ್ದು, ಈ ಇಸವಿ ಮುಂದೆ ಮುಖ್ಯ ಆಗುತ್ತೆ. ಸಂಚಾಲಕಿ ಧೈರ್ಯ ಮಾಡಿ ಲೇಖಕಿಗೆ ಒಂದು ಮೇಲ್ ಹಾಕಿದ್ರು, ಒಂದು ಗಂಟೆ ಮಾತಾಡೋಣ ಅಂತ ಉತ್ತರವೂ ಬಂತು. ಗ್ರೂಪಲ್ಲಿ ಖುಷಿ ಜೊತೆಗೇ ಒಂದು ಅಳುಕೂ ಶುರುವಾಯ್ತು: ನಾವ್ಯಾರೂ ವಿಜ್ಞಾನಿಗಳಲ್ಲ, ಅವರ ಹತ್ರ ಏನು ಕೇಳೋದು?

ಒಂದು ಶೇರ್ಡ್ ಡಾಕ್ಯುಮೆಂಟ್ ತೆಗೆದು ಎಲ್ರೂ ಪ್ರಶ್ನೆ ಹಾಕಿ ಅಂದ್ವಿ. ತುಂಬಿತೇನೋ ತುಂಬಿತು, ಆದ್ರೆ ಓದ್ತಾ ಹೋದ್ರೆ ಮೂರು ಥರದ ಪ್ರಶ್ನೆಗಳೇ ಮತ್ತೆ ಮತ್ತೆ. ಈ ಪುಸ್ತಕ ಬರೆಯೋಕೆ ಪ್ರೇರಣೆ ಏನು, ದಿನಕ್ಕೆ ಎಷ್ಟು ಹೊತ್ತು ಬರೀತೀರಿ ಅನ್ನೋ ಥರದ್ದು ಒಂದಷ್ಟು. ನನಗೆ ಹೊಟ್ಟೆ ಸರಿ ಇರಲ್ಲ, ಯಾವ ಪ್ರೊಬಯಾಟಿಕ್ (ಒಳ್ಳೇದು ಮಾಡುತ್ತೆ ಅಂತ ತಗೊಳ್ಳೋ ಜೀವಂತ ಬ್ಯಾಕ್ಟೀರಿಯಾ) ತಗೋಬೇಕು ಅನ್ನೋದು ಇನ್ನೊಂದಷ್ಟು. ಉಳಿದಿದ್ದು ಪ್ರಶ್ನೆ ಅಂತ ಶುರುವಾಗಿ ಬರೆದವರ ಸ್ವಂತ ಅಭಿಪ್ರಾಯವಾಗಿ ಹತ್ತು ಸಾಲು ಓಡಿ, ಕೊನೆಗೆ ನೀವೇನಂತೀರಿ ಅಂತ ಮುಗಿಯೋದು. ಇಷ್ಟನ್ನೇ ತಗೊಂಡು ಹೋದ್ರೆ ಪುಸ್ತಕ ಓದದೇ ಇರೋರೂ ಆ ಒಂದು ಗಂಟೆ ನಡೆಸಬಹುದಿತ್ತು, ನಮಗೆ ಕಾಡಿದ್ದು ಅದೇ.

ಮೊದಲು ಮಾಡಿದ್ದು ವೋಟಿಂಗು. ಹೆಚ್ಚು ವೋಟ್ ಬಿದ್ದ ಪ್ರಶ್ನೆ ಕೇಳೋಣ ಅಂತ. ಗೆದ್ದಿದ್ದು ಯಾವುದು ಅಂದ್ರೆ ಪ್ರೇರಣೆ ಪ್ರಶ್ನೆ. ಅದು ಎಲ್ರಿಗೂ ತಟ್ಟನೆ ಅರ್ಥ ಆಗುತ್ತೆ, ಯಾರಿಗೂ ತಕರಾರಿಲ್ಲ, ಪಟ್ಟೀಲೂ ಮೇಲೆ ಇತ್ತು. ಅಧ್ಯಾಯ ಹಿಡಿದು ಕೂತು ಯೋಚಿಸಿದವರ ಪ್ರಶ್ನೆಗೆ ಒಂದೋ ಎರಡೋ ವೋಟು, ಯಾಕಂದ್ರೆ ಆ ಪುಟದಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ಮಾತ್ರ ಅದರ ಬೆಲೆ ಗೊತ್ತು. ಲೇಖಕಿ ಅಷ್ಟೊತ್ತಿಗೆ ಕೊಟ್ಟಿದ್ದ ಇಂಟರ್‌ವ್ಯೂಗಳನ್ನ ಒಬ್ಬರು ಕೂತು ಕೇಳಿಸ್ಕೊಂಡು ಬಂದ್ರು, ವೋಟಲ್ಲಿ ಗೆದ್ದ ಪ್ರಶ್ನೆಗಳಿಗೆಲ್ಲ ಅಲ್ಲೇ ಉತ್ತರ ಇತ್ತು, ಬಹುತೇಕ ಅದೇ ಮಾತುಗಳಲ್ಲಿ. ಅಲ್ಲಿಗೆ ವೋಟಿಂಗ್ ಬಿಟ್ವಿ.

ಆಮೇಲೆ ಗುಂಪಲ್ಲಿದ್ದ ಒಬ್ಬ ನಿವೃತ್ತ ಟೀಚರ್ ಒಂದು ದಾರಿ ಹೇಳಿದ್ರು. ಪ್ರಶ್ನೆ ಬರೀಬೇಡಿ, ಓದ್ತಾ ಎಲ್ಲಿ ನಿಂತ್ರಿ ಅದರ ಪುಟ ಸಂಖ್ಯೆ ಬರೀರಿ, ಅಲ್ಲಿವರೆಗೆ ಏನು ಅರ್ಥ ಆಯ್ತು ಅಂತ ಒಂದು ಸಾಲು, ಎಲ್ಲಿ ತಪ್ಪಿಹೋಯ್ತು ಅಂತ ಇನ್ನೊಂದು ಸಾಲು, ಅಷ್ಟೇ ಸಾಕು ಅಂದ್ರು. ಇಡೀ ತಯಾರಿಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಅಂತ ನನಗನ್ಸುತ್ತೆ. ಪ್ರಶ್ನೆ ಕೇಳಿ ಅಂದಾಗ ಜನ ಬುದ್ಧಿವಂತರಾಗಿ ಕಾಣೋಕೆ ನೋಡ್ತಾರೆ, ಎಲ್ಲಿ ನಿಂತ್ರಿ ಅಂದಾಗ ಪುಸ್ತಕದ ಕಡೆ ನೋಡ್ತಾರೆ. ಪುಸ್ತಕ ಪೂರ್ತಿ ಮುಗಿಸದೇ ಇದ್ದವರಿಗೂ ಬರೆಯೋಕೆ ಏನೋ ಸಿಕ್ತು, ಮೂರನೇ ಅಧ್ಯಾಯಕ್ಕೇ ಕೈಬಿಟ್ಟಿದ್ದ ಒಬ್ಬರು ಅದೇ ಅಧ್ಯಾಯದ ಒಂದು ಪ್ಯಾರಾದ ಮೇಲೆ ಬರೆದ ಎರಡು ಸಾಲು ಕೊನೆವರೆಗೂ ಪಟ್ಟೀಲಿ ಉಳೀತು. ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಬದಲಾಯಿಸಿದ್ರೆ ಇಲಿ ದಪ್ಪ ಆಗುತ್ತೆ ಅನ್ನೋದು ಅರ್ಥ ಆಯ್ತು, ಅಲ್ಲಿಂದ ಮನುಷ್ಯರ ವಿಷಯಕ್ಕೆ ಪುಸ್ತಕ ಯಾವಾಗ ದಾಟಿತು ಅಂತ ಗೊತ್ತೇ ಆಗ್ಲಿಲ್ಲ ಅಂತ ಬರೆದಿದ್ರು. ವಿಜ್ಞಾನದ ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆಯೇ ಇದು.

ಹೀಗೆ ಪುಟ ಸಂಖ್ಯೆಗಳು ಬರ್ತಾ ಇದ್ದಾಗ ಲ್ಯಾಬ್ ಟೆಕ್ನಿಷಿಯನ್ ಆಗಿರೋ ಒಬ್ಬ ಸದಸ್ಯೆ ಒಂದು ಪುಟ ಹಾಕಿದ್ರು, ಅಲ್ಲಿಂದ ಜಗಳ ಶುರುವಾಯ್ತು. ನಮ್ಮ ದೇಹದಲ್ಲಿ ನಮ್ಮ ಸ್ವಂತ ಜೀವಕೋಶಕ್ಕಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ಇದೆ ಅಂತ ಪುಸ್ತಕದಲ್ಲಿತ್ತು. ಆ ಲೆಕ್ಕ ಈಗ ನಿಲ್ಲಲ್ಲ, 2016ರಲ್ಲೇ ತಿದ್ದಿದಾರೆ ಅಂತ ಅವರು ಹೇಳಿದ್ರು. ಗುಂಪು ಎರಡಾಯ್ತು. ಕರೆದು ಕೂರಿಸಿ ತಪ್ಪು ತೋರಿಸೋದು ಸರಿ ಅಲ್ಲ, ಅವರು ನಮಗೆ ಪುಕ್ಕಟೆಯಾಗಿ ಸಮಯ ಕೊಡ್ತಿದಾರೆ ಅಂತ ಒಂದು ಕಡೆಯವರು. ವಿಜ್ಞಾನ ಬರೆದವರ ಹತ್ರ ಇದನ್ನ ಕೇಳ್ದೆ ಬೇರೆ ಏನು ಕೇಳ್ತೀರಿ ಅಂತ ಇನ್ನೊಂದು ಕಡೆಯವರು. ಎರಡು ಮಾತಲ್ಲೂ ಹುರುಳಿತ್ತು.

ಸಂಚಾಲಕಿ ಆಗ ಮಾಡಿದ ಕೆಲಸ ನನಗೆ ತುಂಬ ಇಷ್ಟ ಆಯ್ತು. ಕೇಳೋದಾ ಬೇಡ್ವಾ ಅನ್ನೋ ತೀರ್ಮಾನ ಆಮೇಲೆ, ಮೊದಲು ಆ ಲೆಕ್ಕ ಏನು ಅಂತ ನಾವೇ ಮಾಡಿ ನೋಡೋಣ ಅಂತ ಒಂದು ಕಾಲ್ ಇಟ್ರು. ಲ್ಯಾಬ್ ಟೆಕ್ನಿಷಿಯನ್ ಸ್ಕ್ರೀನ್ ಶೇರ್ ಮಾಡಿ ಹಂತ ಹಂತವಾಗಿ ಬರೀತಾ ಹೋದ್ರು. ಹಳೇ ಲೆಕ್ಕ 1972ರ ಒಂದು ಲೇಖನದ್ದು. ಕರುಳಿನೊಳಗಿನ ವಸ್ತುವಿನ ಒಂದು ಗ್ರಾಮಿಗೆ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾ, ಜೀರ್ಣನಾಳದಲ್ಲಿ ಒಟ್ಟು ಒಂದು ಲೀಟರ್ ಅಂದ್ರೆ ಹತ್ತತ್ರ 1000 ಗ್ರಾಂ ವಸ್ತು, ಗುಣಿಸಿದ್ರೆ 100 ಲಕ್ಷ ಕೋಟಿ. ಮನುಷ್ಯನ ಜೀವಕೋಶ 10 ಲಕ್ಷ ಕೋಟಿ ಅಂತ ಆಗ ನಡೀತಿದ್ದ ಅಂದಾಜು. ಹಾಗಾಗಿ ಹತ್ತು ಪಟ್ಟು. ಎಡವಟ್ಟು ಎಲ್ಲಿ ಅಂದ್ರೆ, ಬ್ಯಾಕ್ಟೀರಿಯಾ ಅಷ್ಟು ದಟ್ಟವಾಗಿ ಇರೋದು ದೊಡ್ಡ ಕರುಳಲ್ಲಿ ಮಾತ್ರ, ಹೊಟ್ಟೆಯಲ್ಲಿ, ಸಣ್ಣ ಕರುಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ದೊಡ್ಡ ಕರುಳಿನ ವಸ್ತು ಸುಮಾರು 0.4 ಲೀಟರ್. ಅದನ್ನ ಹಾಕಿದ ಕೂಡ್ಲೇ ಸಂಖ್ಯೆ 40 ಲಕ್ಷ ಕೋಟಿಗೆ ಇಳಿಯುತ್ತೆ. ರಾನ್ ಸೆಂಡರ್, ಶೈ ಫುಕ್ಸ್, ರಾನ್ ಮಿಲೋ ಅನ್ನೋ ವಿಜ್ಞಾನಿಗಳು 2016ರಲ್ಲಿ ಮಾಡಿದ ಅಂದಾಜು, 70 ಕೆಜಿ ತೂಕದ ಒಬ್ಬ ಗಂಡಸಿಗೆ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಜೀವಕೋಶ. ಹತ್ತು ಪಟ್ಟು ಹೋಗಿ ಹೆಚ್ಚುಕಮ್ಮಿ ಸಮಸಮ. ಆ ಸ್ವಂತ ಜೀವಕೋಶಗಳಲ್ಲೂ ಸಂಖ್ಯೆ ಲೆಕ್ಕದಲ್ಲಿ 80 ಪರ್ಸೆಂಟಿಗಿಂತ ಹೆಚ್ಚು ಬರೀ ಕೆಂಪು ರಕ್ತಕಣ. ಬ್ಯಾಕ್ಟೀರಿಯಾ ಎಲ್ಲ ಸೇರಿದ್ರೆ ತೂಕ ಸುಮಾರು 200 ಗ್ರಾಂ.

ಆ ಕಾಲ್‌ನಲ್ಲಿ ಯಾವತ್ತೂ ಮಾತಾಡದ ಇಬ್ಬರು ಮೈಕ್ ಆನ್ ಮಾಡಿದ್ರು. ಗುಣಾಕಾರ ಬರೋರಿಗೆಲ್ಲ ಈ ಲೆಕ್ಕ ಕೈಗೆ ಸಿಗುತ್ತೆ, ಆಮೇಲೆ ಅದು ಯಾರೋ ಹೇಳಿದ್ದು ಅಂತ ಅನ್ಸೋದೇ ಇಲ್ಲ. ಪ್ರಶ್ನೆ ತಾನಾಗೇ ಬದಲಾಗಿದ್ದೂ ಇಲ್ಲೇ. ನಿಮ್ಮ ಸಂಖ್ಯೆ ತಪ್ಪಲ್ವಾ ಅನ್ನೋದು ಹೋಗಿ, ಒಂದು ಕಚ್ಚಾ ಲೆಕ್ಕ ಇಸವಿ 1972ರಿಂದ 2016ರವರೆಗೆ ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಹೇಗೆ ಸಾಗಿಬಂತು, ಬರೆಯೋರು ಯಾವ ಸಂಖ್ಯೆಯನ್ನ ಮೂಲಕ್ಕೆ ಹೋಗಿ ನೋಡ್ತಾರೆ, ಯಾವುದನ್ನ ನಂಬಿ ಬಿಡ್ತಾರೆ ಅನ್ನೋ ಪ್ರಶ್ನೆ ಆಯ್ತು. ಇದನ್ನ ಕೇಳಿದ್ರೆ ಯಾರಿಗೂ ಅವಮಾನ ಇಲ್ಲ, ಉತ್ತರವೂ ಲೇಖಕಿಗೆ ಮಾತ್ರ ಗೊತ್ತಿರೋದು.

ಅದಾದ ಮೇಲೆ ಕಾಲೇಜಲ್ಲಿ ಓದ್ತಿರೋ ಹುಡುಗ ಒಬ್ಬ ಪುಸ್ತಕದ ಹೊಸ ಮುದ್ರಣ ಹುಡುಕಿ ತಂದ. ಅದರಲ್ಲಿ ಸಂಖ್ಯೆ ತಿದ್ದಿದ್ರು! ಆದ್ರೆ ಅದರ ಸುತ್ತ ಕಟ್ಟಿದ್ದ ಮಾತು, ನಾವು ನಮಗಿಂತ ಹೆಚ್ಚಾಗಿ ಅವುಗಳೇ ಅನ್ನೋ ಅರ್ಥದ ವಾಕ್ಯಗಳು, ಹಾಗೇ ಇದ್ವು. ಈಗ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಮುಂದೆ ಹೋಯ್ತು: ಆಧಾರದ ಸಂಖ್ಯೆ ಬಿದ್ದಮೇಲೂ ವಾದ ನಿಲ್ಲುತ್ತಾ, ನಿಲ್ಲೋದಾದ್ರೆ ಯಾವುದರ ಮೇಲೆ? ನಿಮ್ಮ ಗುಂಪು ಹಳೇ ಪುಸ್ತಕ ತಗೊಂಡಿದ್ರೆ ಹೊಸ ಮುದ್ರಣದ ಒಂದು ಪ್ರತಿಯಾದ್ರೂ ಪಕ್ಕದಲ್ಲಿಟ್ಟು ನೋಡಿ, ಏನು ಬದಲಾಗಿದೆ ಏನು ಬದಲಾಗಿಲ್ಲ ಅನ್ನೋದ್ರಲ್ಲೇ ಅರ್ಧ ಸಂವಾದ ಕೂತಿರುತ್ತೆ.

ಇನ್ನು ಆರೋಗ್ಯದ ಪ್ರಶ್ನೆಗಳು. ಲೇಖಕಿ ಡಾಕ್ಟರ್ ಅಲ್ಲ, ಡಾಕ್ಟರ್ ಆಗಿದ್ರೂ ಎಲ್ರ ಮುಂದೆ ಒಬ್ಬರ ಹೊಟ್ಟೆ ಬಗ್ಗೆ ಸಲಹೆ ಕೊಡೋದು ಸರಿ ಅಲ್ಲ, ಹಾಗಾಗಿ ವೈಯಕ್ತಿಕ ಆರೋಗ್ಯದ ಪ್ರಶ್ನೆ ಬೇಡ ಅಂತ ನಿಯಮ ಮಾಡೋದು ಸುಲಭ. ಆದ್ರೆ ಆ ಪುಸ್ತಕವನ್ನ ಪಟ್ಟಿಗೆ ಹಾಕಿದ್ದೇ ಒಬ್ಬ ಸದಸ್ಯೆ, ಅವರ ಮನೆಯವರಿಗೆ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಮತ್ತೆ ಮತ್ತೆ ಬರ್ತಿತ್ತು. ಆ್ಯಂಟಿಬಯಾಟಿಕ್ ಕೊಟ್ರೆ ಹೋಗೋದು, ಮತ್ತೆ ವಾಪಸ್. ಅವರಿಗೆ ಒಂದು ನಿಯಮ ತೋರಿಸಿ ಬಾಯಿ ಮುಚ್ಚಿಸೋದು ಯಾರಿಗೂ ಬೇಕಿರ್ಲಿಲ್ಲ. ಸಂಚಾಲಕಿ ಅವರ ಜೊತೆ ಬೇರೆಯಾಗಿ ಮಾತಾಡಿದ್ರು, ನಿಮಗೆ ನಿಜಕ್ಕೂ ಏನು ತಿಳ್ಕೋಬೇಕು ಅಂತ ಕೇಳಿದ್ರು. ಅವರಿಗೆ ಬೇಕಿದ್ದಿದ್ದು ಔಷಧಿ ಹೆಸರಲ್ಲ. ಆರೋಗ್ಯವಂತರ ಮಲದಿಂದ ಬ್ಯಾಕ್ಟೀರಿಯಾ ವರ್ಗಾಯಿಸೋ ಚಿಕಿತ್ಸೆ ಬಗ್ಗೆ ಪುಸ್ತಕ ಅಷ್ಟು ಭರವಸೆಯಿಂದ ಬರೆದಿದೆಯಲ್ಲ, ಆ ಭರವಸೆ ಎಷ್ಟು ಗಟ್ಟಿ ಅನ್ನೋದು.

ಅದಕ್ಕೆ ತಯಾರಿ ಬೇರೆ ಥರ ಆಯ್ತು. 2013ರಲ್ಲಿ ಬಂದ ಡಚ್ ಟ್ರಯಲ್‌ನ ವಿವರ ನಾವೇ ಓದಿದ್ವಿ. ಈ ಚಿಕಿತ್ಸೆ ಪಡೆದ 16 ಜನರಲ್ಲಿ 13 ಮಂದಿಗೆ ಮೊದಲ ಸಲಕ್ಕೇ ವಾಸಿ, ಬರೀ ವ್ಯಾಂಕೋಮೈಸಿನ್ ಅನ್ನೋ ಆ್ಯಂಟಿಬಯಾಟಿಕ್ ಪಡೆದ 13 ಜನರಲ್ಲಿ 4 ಮಂದಿಗೆ. ವ್ಯತ್ಯಾಸ ಅಷ್ಟು ಎದ್ದು ಕಂಡಿದ್ರಿಂದ ಟ್ರಯಲ್ಲನ್ನ ಮಧ್ಯದಲ್ಲೇ ನಿಲ್ಲಿಸಿದ್ರು. ಜೊತೆಗೆ 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಟ್ಟ ಎಚ್ಚರಿಕೆನೂ ಓದಿದ್ವಿ, ದಾನಿಯ ಮಲದಲ್ಲಿ ಔಷಧಿಗೆ ಬಗ್ಗದ ಈ. ಕೋಲಿ ಬ್ಯಾಕ್ಟೀರಿಯಾ ಇದ್ದು ಇಬ್ಬರಿಗೆ ಸೋಂಕಾಗಿ ಒಬ್ಬರು ತೀರಿಕೊಂಡಿದ್ರು. ಪುಸ್ತಕ ಬರೆಯೋ ಕಾಲಕ್ಕೆ ಈ ಎರಡನೇದು ಗೊತ್ತಿರೋಕೆ ಸಾಧ್ಯ ಇರ್ಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು, ಇವತ್ತು ಬರೆಯೋದಾಗಿದ್ರೆ ಆ ಅಧ್ಯಾಯ ಹೇಗೆ ಬರೀತಿದ್ರಿ ಅಂತ ಕೇಳೋದು ಅಂತ ಆ ಸದಸ್ಯೆಯೇ ತೀರ್ಮಾನ ಮಾಡಿದ್ರು. ಮನೆ ವಿಷಯ ಎತ್ತಬೇಕೋ ಬೇಡ್ವೋ ಅನ್ನೋದೂ ಅವರಿಗೇ ಬಿಟ್ಟಿದ್ದು. ಪ್ರೊಬಯಾಟಿಕ್ ಪ್ರಶ್ನೆಗಳನ್ನೆಲ್ಲ ಸೇರಿಸಿ ಒಂದೇ ಮಾಡಿದ್ವಿ, ಡಬ್ಬದ ಮೇಲೆ ಬರೆದಿರೋದನ್ನ ಓದೋ ಸಾಮಾನ್ಯ ಮನುಷ್ಯ ಮೊದಲು ಏನು ಕೇಳಬೇಕು ಅಂತ.

ಮುಂದಿನ ಚರ್ಚೆ, ಇದನ್ನೆಲ್ಲ ಲೇಖಕಿಗೆ ಮೊದಲೇ ಹೇಳೋದಾ? ಹೇಳಿದ್ರೆ ಉತ್ತರ ತಯಾರು ಮಾಡ್ಕೊಂಡು ಬರ್ತಾರೆ, ಮಾತು ಸಹಜ ಇರಲ್ಲ ಅಂತ ಕೆಲವರು. ಹೇಳ್ದೆ ಇದ್ರೆ, ಎಷ್ಟೋ ವರ್ಷದ ಹಿಂದೆ ಬರೆದ ಪುಟದ ಬಗ್ಗೆ ಕ್ಯಾಮೆರಾ ಮುಂದೆ ತಟ್ಟಂತ ಕೇಳಿದ್ರೆ ಯಾರಿಗಾದ್ರೂ ನೆನಪಾಗುತ್ತಾ ಅಂತ ಉಳಿದವರು. ಕೊನೆಗೆ ಪೂರ್ತಿ ಪ್ರಶ್ನೆ ಕಳಿಸ್ಲಿಲ್ಲ, ಮೂರು ವಿಷಯ ಮತ್ತೆ ಪುಟ ಸಂಖ್ಯೆ ಕಳಿಸಿದ್ವಿ: ಹತ್ತು ಪಟ್ಟಿನ ಲೆಕ್ಕ, ಇಲಿಯಿಂದ ಮನುಷ್ಯರಿಗೆ ದಾಟೋದು, ಮಲ ವರ್ಗಾವಣೆ ಚಿಕಿತ್ಸೆ. ಹತ್ತು ಪಟ್ಟಿನ ವಿಷಯ ಕೇಳ್ತೀವಿ ಅಂತ ನೇರವಾಗೇ ಬರೆದಿದ್ವಿ. ಅದೇ ಮೇಲ್‌ನಲ್ಲಿ ರೆಕಾರ್ಡಿಂಗ್ ಮಾಡಬಹುದಾ ಅಂತಲೂ ಕೇಳಿದ್ವಿ, ನಿಮ್ಮ ಸದಸ್ಯರಿಗೆ ಮಾತ್ರ ಆದ್ರೆ ಸರಿ ಅಂದ್ರು.

ಸಮಯದ ವಿಷಯ ಚುಟುಕಾಗಿ ಹೇಳ್ತೀನಿ. ಲೇಖಕಿ ಬೇರೆ ಖಂಡದಲ್ಲಿದ್ರು, ಮೀಟಿಂಗ್ ಇದ್ದಿದ್ದು ಮಾರ್ಚ್ ಕೊನೆಯಲ್ಲಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ಹಾಕ್ತಾರೆ, ಯುರೋಪಲ್ಲಿ ಕೊನೇ ಭಾನುವಾರ, ಎಷ್ಟೋ ದೇಶಗಳಲ್ಲಿ ಹಾಕೋದೇ ಇಲ್ಲ. ಆ ನಡುವಿನ ವಾರಗಳಲ್ಲಿ ಯಾವತ್ತಿನ ಅಂತರ ಹಿಡಿದು ಲೆಕ್ಕ ಹಾಕಿದ್ರೆ ಒಂದು ಗಂಟೆ ಆಚೀಚೆ ಆಗುತ್ತೆ. ಯುಟಿಸಿ ಅಂದ್ರೆ ಎಲ್ಲ ದೇಶಕ್ಕೂ ಒಂದೇ ಆಗಿರೋ ಜಾಗತಿಕ ಸಮಯ ಬರೆದು ಕ್ಯಾಲೆಂಡರ್ ಇನ್ವೈಟ್ ಕಳಿಸಿದ್ರಿಂದ ತೊಂದ್ರೆ ಆಗ್ಲಿಲ್ಲ. ಚಾಟ್ ನೋಡ್ಕೊಳ್ಳೋಕೆ ಒಬ್ಬರು, ಮಾತು ನಡೆಸೋಕೆ ಸಂಚಾಲಕಿ, ಇಬ್ಬರೂ ಬೇರೆ ಬೇರೆ ಇರ್ಬೇಕು, ಎರಡನ್ನೂ ಒಬ್ಬರೇ ಮಾಡೋಕೆ ಹೋಗ್ಬೇಡಿ.

ಮೀಟಿಂಗ್ ದಿನ ಸಂಚಾಲಕಿ ಲೇಖಕಿ ಪರಿಚಯ ಅಂತ ಉದ್ದ ಓದ್ಲಿಲ್ಲ, ಎಲ್ರೂ ಓದ್ಕೊಂಡೇ ಬಂದಿದ್ರು. ನೇರವಾಗಿ ಮೂರನೇ ಅಧ್ಯಾಯದ ಆ ಪುಟ ತೆಗೆದು, ನಮ್ಮಲ್ಲೊಬ್ಬರು ಇಲ್ಲಿ ನಿಂತುಬಿಟ್ರು ಮೇಡಂ ಅಂತ ಶುರು ಮಾಡಿದ್ರು. ಲೇಖಕಿ ಮುಂದಕ್ಕೆ ಬಾಗಿ ಕೂತ್ರು. ಮಾತು ಚೆನ್ನಾಗೇ ಎದ್ದಿತ್ತು, ಆದ್ರೆ ಅದರ ಹಿಂದೆಯೇ ಬಂದ ಇನ್ನೊಂದು ಪ್ರಶ್ನೆ ಬಿದ್ದುಹೋಯ್ತು. 2013ರಲ್ಲಿ ಅವಳಿ ಜೋಡಿಗಳಲ್ಲಿ ಒಬ್ಬರು ದಪ್ಪ ಒಬ್ಬರು ತೆಳ್ಳಗೆ ಇರೋರ ಬ್ಯಾಕ್ಟೀರಿಯಾ ತೆಗೆದು ಇಲಿಗಳಿಗೆ ಹಾಕಿದ ಪ್ರಯೋಗ ಇದೆಯಲ್ಲ, ಅದರ ಬಗ್ಗೆ ಒಬ್ಬರು ತುಂಬ ಓದ್ಕೊಂಡು ಬಂದಿದ್ರು. ಪ್ರಯೋಗ ಹೇಗಾಯ್ತು, ಇಲಿಗಳಿಗೆ ಏನು ತಿನ್ನಿಸಿದ್ರು, ಮನುಷ್ಯರಲ್ಲಿ ಮಾಡಿದ ಚಿಕ್ಕ ಟ್ರಯಲ್‌ಗಳಲ್ಲಿ ತೂಕ ಯಾಕೆ ಇಳೀಲಿಲ್ಲ, ಮೂರನ್ನೂ ಒಂದೇ ಉಸಿರಲ್ಲಿ ಕೇಳಿದ್ರು. ಲೇಖಕಿ ಕೊನೇದಕ್ಕೆ ಮಾತ್ರ ಉತ್ತರ ಕೊಟ್ರು, ಅದೂ ಅವಸರದಲ್ಲಿ. ಒಳ್ಳೆ ತಯಾರಿ ಇದ್ದ ಪ್ರಶ್ನೆ, ಆದ್ರೆ ಒಂದು ಸಲಕ್ಕೆ ಒಂದೇ ಕೇಳಿ ಅನ್ನೋದನ್ನ ಯಾರೂ ಅವರಿಗೆ ಮೊದಲೇ ಹೇಳಿರ್ಲಿಲ್ಲ. ನಾವು ಈಗ ಪ್ರಶ್ನೆಯನ್ನ ಜೋರಾಗಿ ಓದಿಸಿ ನೋಡ್ತೀವಿ, ಕಣ್ಣಲ್ಲಿ ಓದುವಾಗ ಚಿಕ್ಕದಾಗಿ ಕಂಡಿದ್ದು ಬಾಯಲ್ಲಿ ಉದ್ದ ಇರುತ್ತೆ.

ಹತ್ತು ಪಟ್ಟಿನ ಪ್ರಶ್ನೆಯನ್ನ ಮೊದಲೂ ಇಟ್ಟಿರ್ಲಿಲ್ಲ ಕೊನೆಗೂ ಇಟ್ಟಿರ್ಲಿಲ್ಲ. ಮೊದಲಿಗಿಟ್ರೆ ಜಗಳಕ್ಕೆ ಕರೆದ ಹಾಗಾಗುತ್ತೆ, ಕೊನೆಗಿಟ್ರೆ ಸಮಯ ಇರಲ್ಲ. ಲ್ಯಾಬ್ ಟೆಕ್ನಿಷಿಯನ್ ಕೇಳಿದ್ರು, ಎರಡೇ ವಾಕ್ಯ. ಕೇಳಾದ್ಮೇಲೆ ಸ್ವಲ್ಪ ಹೊತ್ತು ಲೇಖಕಿ ಮಾತಾಡ್ಲಿಲ್ಲ. ಸಂಚಾಲಕಿ ನಡುವೆ ಬಾಯಿ ಹಾಕದೆ ಕಾದ್ರು, ಆ ಮೌನವನ್ನ ತುಂಬೋಕೆ ಹೋಗಿದ್ರೆ ಉತ್ತರ ಹಾಳಾಗ್ತಿತ್ತು. ಲೇಖಕಿ ತಮ್ಮ ಹಳೇ ನೋಟ್ಸ್ ತೆಗೆದು ನೋಡಿ ಬಂದಿದ್ರು. ಸಂಖ್ಯೆ ಸಿಕ್ಕಿದ್ದು ಒಂದು ವಿಮರ್ಶಾ ಲೇಖನದಲ್ಲಿ, ಅಂದ್ರೆ ಅಲ್ಲೀವರೆಗಿನ ಸಂಶೋಧನೆಗಳನ್ನ ಒಟ್ಟುಮಾಡಿ ಹೇಳೋ ಲೇಖನದಲ್ಲಿ, ಆ ಲೇಖನ ಇನ್ನೊಂದನ್ನ ತೋರಿಸಿತ್ತು, ಅದು ಮತ್ತೊಂದನ್ನ, ಎಲ್ರೂ ಒಬ್ಬರನ್ನೊಬ್ಬರು ಉಲ್ಲೇಖಿಸ್ತಿದ್ದಾಗ ಮೂಲ ತುಂಬ ಗಟ್ಟಿ ಇರಬೇಕು ಅಂತಲೇ ಅನ್ಸುತ್ತೆ ಅಂತ ಹೇಳಿದ್ರು. ವಿವಾದ ಇರೋ ಸಂಖ್ಯೆಗಳನ್ನ ತಾವು ಮೂಲಕ್ಕೆ ಹೋಗಿ ನೋಡಿದ್ದಾಗಿಯೂ, ಎಲ್ರೂ ಒಪ್ಪಿದ ಸಂಖ್ಯೆಯ ಮೇಲೆ ಅನುಮಾನವೇ ಬರ್ಲಿಲ್ಲ ಅಂತಲೂ ಅಂದ್ರು. ವಾದ ನಿಲ್ಲೋದು ಯಾವುದರ ಮೇಲೆ ಅನ್ನೋದಕ್ಕೆ ಅವರ ಉತ್ತರ, ಜೀವಕೋಶದ ಎಣಿಕೆ ಮೇಲಲ್ಲ, ಜೀನ್‌ಗಳ ಮೇಲೆ ಅಂತ. ಮನುಷ್ಯರಲ್ಲಿ ಪ್ರೋಟೀನ್ ಮಾಡೋ ಜೀನ್ ಸುಮಾರು 20,000, ಕರುಳಿನ ಬ್ಯಾಕ್ಟೀರಿಯಾಗಳ 2010ರ ಪಟ್ಟಿಯಲ್ಲಿ 33 ಲಕ್ಷ.

ಅಲ್ಲಿ ಕಾಲೇಜು ಹುಡುಗ ಕೈ ಎತ್ತಿದ. ಆ 33 ಲಕ್ಷ 124 ಜನರದ್ದು ಸೇರಿಸಿ ಮಾಡಿದ ಪಟ್ಟಿ ಅಲ್ವಾ ಮೇಡಂ, ಒಬ್ಬರಲ್ಲಿ ಅಷ್ಟಿರಲ್ಲ ಅಲ್ವಾ ಅಂತ. ಇದು ನಮ್ಮ ಪಟ್ಟೀಲೇ ಇರದ ಪ್ರಶ್ನೆ. ಲೇಖಕಿ ಮುಖ ಅರಳ್ತು, ಹೌದು ಒಬ್ಬರಲ್ಲಿ ಅದಕ್ಕಿಂತ ತುಂಬ ಕಡಿಮೆ, ಆದ್ರೂ ನಮ್ಮ 20,000ಕ್ಕಿಂತ ಎಷ್ಟೋ ಹೆಚ್ಚು ಅಂದ್ರು, ನೀವು ಮಾಡ್ತಿರೋದೇ ನಾನು ಹತ್ತು ಪಟ್ಟಿಗೆ ಮಾಡಬೇಕಿದ್ದ ಕೆಲಸ ಅಂತಲೂ ಸೇರಿಸಿದ್ರು. ದೊಡ್ಡ ಕರುಳಿನ 0.4 ಲೀಟರ್ ಲೆಕ್ಕ ಕೈಯಾರೆ ಮಾಡಿದ್ದ ಹುಡುಗನಿಗೆ ಒಟ್ಟು ಸಂಖ್ಯೆ ಕೇಳಿದ ತಕ್ಷಣ ಯಾರದ್ದು, ಎಷ್ಟು ಜನರದ್ದು ಅನ್ನೋ ಅನುಮಾನ ಬಂದಿತ್ತು. ತಯಾರಿ ಫಲ ಕೊಟ್ಟಿದ್ದು ಅಲ್ಲಿ.

ಮಲ ವರ್ಗಾವಣೆ ಪ್ರಶ್ನೆಯನ್ನ ಆ ಸದಸ್ಯೆ ಮನೆ ವಿಷಯ ಎತ್ತದೆ ಕೇಳಿದ್ರು. ಆ ಒಂದು ಸೋಂಕಿಗೆ ಆಧಾರ ಗಟ್ಟಿ ಇದೆ, ಪುಸ್ತಕದಲ್ಲಿ ಅದರ ಪಕ್ಕದಲ್ಲೇ ಬೇರೆ ಬೇರೆ ಕಾಯಿಲೆಗಳ ಹೆಸರು ಬರೆದಿದ್ದನ್ನ ಈಗ ಬೇರೆ ಪ್ಯಾರಾಗೆ ಹಾಕ್ತೀನಿ, ದಾನಿಗಳ ಪರೀಕ್ಷೆ ಬಗ್ಗೆ ಒಂದು ಪುಟ ಬರೀತೀನಿ, ಆಸ್ಪತ್ರೆ ಹೊರಗೆ ಯಾರೂ ಮಾಡಬಾರದು ಅಂತ ಮೊದಲ ಸಾಲಲ್ಲೇ ಹೇಳ್ತೀನಿ ಅಂತ ಉತ್ತರ ಬಂತು. ಆ ಸದಸ್ಯೆ ಆಮೇಲೆ ಗ್ರೂಪಲ್ಲಿ ಬರೆದಿದ್ದು, ಡಾಕ್ಟರ್ ಹತ್ರ ಏನು ಕೇಳಬೇಕು ಅಂತ ಈಗ ಗೊತ್ತಾಯ್ತು ಅಂತ. ಪ್ರೊಬಯಾಟಿಕ್ ಪ್ರಶ್ನೆಗೆ ಕೊನೆಗೆ ಕೆಲವೇ ನಿಮಿಷ ಸಿಕ್ಕಿದ್ದು. ಯಾವ ತಳಿ, ಯಾವ ತೊಂದರೆಗೆ, ಯಾರ ಮೇಲೆ ಪರೀಕ್ಷೆ ಮಾಡಿದಾರೆ ಅಂತ ನೋಡಿ ಅಂದ್ರು. 2018ರ ಒಂದು ಸಣ್ಣ ಅಧ್ಯಯನದಲ್ಲಿ ಆ್ಯಂಟಿಬಯಾಟಿಕ್ ಆದ್ಮೇಲೆ ಪ್ರೊಬಯಾಟಿಕ್ ತಗೊಂಡವರಲ್ಲಿ ಅವರ ಮೂಲ ಬ್ಯಾಕ್ಟೀರಿಯಾ ವಾಪಸ್ ಬರೋದು ನಿಧಾನ ಆಗಿತ್ತು ಅನ್ನೋದನ್ನೂ ಹೇಳಿದ್ರು.

ಕೇಳದೆ ಉಳಿದ ಪ್ರಶ್ನೆಗಳನ್ನ ಪುಟ ಸಂಖ್ಯೆ ಸಮೇತ ಥ್ಯಾಂಕ್ಸ್ ಮೇಲ್ ಜೊತೆ ಕಳಿಸಿದ್ವಿ, ಉತ್ತರ ಕೊಡಲೇಬೇಕಂತಿಲ್ಲ ಅಂತ ಬರೆದು. ಇಲಿ ಪ್ರಯೋಗದ ಮೂರು ಪ್ರಶ್ನೆಗಳನ್ನ ಬಿಡಿಬಿಡಿಯಾಗಿ ಬರೆದು ಹಾಕಿದ್ವಿ, ಅವಕ್ಕೆ ಅವರು ಉದ್ದವಾಗೇ ಬರೆದ್ರು, ಕರೆಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ.

ಮೊದಲೇ ವಿಷಯ ಕಳಿಸಿದ್ದು ಸರಿನಾ ಅನ್ನೋ ವಿಚಾರದಲ್ಲಿ ಗುಂಪು ಇವತ್ತಿಗೂ ಒಂದಾಗಿಲ್ಲ. ಕಾಲೇಜು ಹುಡುಗನ ಪ್ರಶ್ನೆಗೆ ಬಂದ ಉತ್ತರ ಅಷ್ಟು ಜೀವಂತವಾಗಿದ್ದು ಅದು ಮೊದಲೇ ಗೊತ್ತಿರದ ಪ್ರಶ್ನೆ ಆಗಿದ್ದಕ್ಕೇ ಅಂತ ಕೆಲವರು. ಹಳೇ ನೋಟ್ಸ್ ತೆಗೆದು ನೋಡೋಕೆ ಸಮಯ ಸಿಗದೆ ಇದ್ದಿದ್ರೆ ಸಂಖ್ಯೆ ಎಲ್ಲಿಂದ ಬಂತು ಅನ್ನೋದು ನಮಗೆ ಗೊತ್ತೇ ಆಗ್ತಿರ್ಲಿಲ್ಲ ಅಂತ ನಾನು ಹೇಳ್ತೀನಿ, ನನ್ನ ಮಟ್ಟಿಗೆ ಇಡೀ ಗಂಟೆಯಲ್ಲಿ ಅದೇ ದೊಡ್ಡ ಉತ್ತರ. ಮುಂದಿನ ಸಲ ಇನ್ನೊಬ್ಬ ವಿಜ್ಞಾನ ಲೇಖಕರು ಬರ್ತಿದಾರೆ, ನೆನಪು ಕೆದಕಬೇಕಾದ ಎರಡು ವಿಷಯವನ್ನ ಪುಟ ಸಮೇತ ಮುಂಚೆ ಕಳಿಸೋದು, ಯೋಚನೆ ಮಾಡಿದ್ರೆ ಉತ್ತರ ಸಿಗೋ ಒಂದನ್ನ ನಮ್ಮ ಹತ್ರಾನೇ ಇಟ್ಕೊಳ್ಳೋದು ಅಂತ ಸದ್ಯಕ್ಕೆ ಒಪ್ಕೊಂಡಿದೀವಿ.